ಚುಚ್ಚಿಸಿಕೊಂಡ ಮೇಲೆ ಕೈ ಸುಮ್ನಿರಲಿ

ಮಂಗಳೂರಿನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಅವರ ಅಮ್ಮಂದಿರ ಎದುರು ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ನನ್ನನ್ನು ಕರೆದ ಮೇಡಂ ಫೋನಿನಲ್ಲಿ ವಿಷಯ ಹೇಳುವಾಗ ಸ್ವಲ್ಪ ಹಿಂದೆ ಮುಂದೆ ನೋಡಿದರು. "ಡಾಕ್ಟ್ರೇ, ಈ ಪಿಯರ್ಸಿಂಗ್ ಬಗ್ಗೆ ನಾಲ್ಕು ಮಾತು ಹೇಳ್ತೀರಾ? ಮಕ್ಕಳು ಎಲ್ಲೆಲ್ಲೋ ಚುಚ್ಚಿಸಿಕೊಂಡು ಬರ್ತಾರೆ" ಅಂದರು. ಎಲ್ಲೆಲ್ಲೋ ಅಂದರೆ ಎಲ್ಲಿ ಅಂತ ನಾನು ಕೇಳಲಿಲ್ಲ. ಆದರೆ ಈ ವಿಷಯ ನಮಗೆ ಹೊಸತೇನೂ ಅಲ್ಲ, ಅಲ್ವಾ? ಇಲ್ಲಿ ಮುಂದಿನ ಸಾಲಿನಲ್ಲಿ ಕೂತ ಅಮ್ಮಂದಿರೆಲ್ಲರ ಕಿವಿಯಲ್ಲೂ ಬೆಂಡೋಲೆ ಇದೆ. ಕೆಲವರಿಗೆ ಮೂಗುಬೊಟ್ಟು ಇದೆ. ಹಿಂದೆ ಅಜ್ಜಿಯಂದಿರು ಮೇಲ್ಗಿವಿಗೆ ಬುಗುಡಿ ಹಾಕುತ್ತಿದ್ದರು. ಮಕ್ಕಳು ಈಗ ಅದೇ ಸುತ್ತಮುತ್ತ ಚುಚ್ಚಿಸಿಕೊಂಡು ಹೆಲಿಕ್ಸ್ ಅಂತಾರೆ, ಅಷ್ಟೆ.

ಚುಚ್ಚಿಸಬೇಕಾ ಬೇಡ್ವಾ ಅನ್ನುವುದು ನಿಮ್ಮ ಮನೆಯ ಜಗಳ. ಅದಕ್ಕೆ ನಾನು ಬರುವುದಿಲ್ಲ. ಚುಚ್ಚಿಸಿಕೊಂಡು ಮನೆಗೆ ಬಂದ ಮೇಲೆ ಏನು ಮಾಡಬೇಕು, ಏನು ಮಾಡಬಾರದು, ಅಷ್ಟು ಹೇಳುತ್ತೇನೆ. ಮಾಡಬಾರದ್ದರ ಪಟ್ಟಿಯೇ ಉದ್ದ. ಯಾಕೆಂದರೆ ಗಾಯ ಕೆಡಿಸಿಕೊಂಡು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಆರೈಕೆ ಜಾಸ್ತಿ ಮಾಡಿದವರು. ಬೆಳಿಗ್ಗೆ ಡೆಟ್ಟಾಲ್, ಮಧ್ಯಾಹ್ನ ಸ್ಪಿರಿಟ್, ರಾತ್ರಿ ಅರಿಶಿನ ಕಲಸಿದ ತೆಂಗಿನೆಣ್ಣೆ. ಇದರ ಮಧ್ಯೆ ಚಿಕ್ಕಮ್ಮ ಬಂದು "ಓಲೆ ತಿರುಗಿಸ್ತಾ ಇರು, ಇಲ್ಲದಿದ್ರೆ ಅಂಟಿಕೊಳ್ತದೆ" ಅಂದಿರುತ್ತಾರೆ. ಪಾಪ ಆ ಕಿವಿಗೆ ಒಂದು ಗಳಿಗೆ ಪುರುಸೊತ್ತು ಇರುವುದಿಲ್ಲ.

ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ ಉಳಿದದ್ದು ಸುಲಭ. ಚುಚ್ಚಿದ ಜಾಗ ಒಂದು ಗಾಯ. ಆದರೆ ಬೆರಳು ಕೊಯ್ದುಕೊಂಡ ಗಾಯದ ಹಾಗೆ ಅದು ಮುಚ್ಚಿಕೊಳ್ಳುವುದಲ್ಲ. ಓಲೆಯ ಸುತ್ತ ಚರ್ಮದ ಒಂದು ಕೊಳವೆ ಬೆಳೆಯಬೇಕು. ಆ ಚರ್ಮ ಎರಡೂ ತುದಿಯಿಂದ ಶುರುವಾಗಿ ಒಳಕ್ಕೆ ಹೋಗುತ್ತದೆ, ಸುರಂಗವನ್ನು ಎರಡೂ ಕಡೆಯಿಂದ ಕೊರೆದು ನಡುವೆ ಸೇರಿಸಿದ ಹಾಗೆ. ಹೊರಗಿನಿಂದ ನೋಡಿದರೆ ಎರಡು ವಾರಕ್ಕೇ ಎಲ್ಲ ಸರಿಯಾದಂತೆ ಕಾಣುತ್ತದೆ. ನಡುಭಾಗ ಇನ್ನೂ ಹಸಿ. ಆಗ "ಓ, ಒಣಗಿತು" ಅಂತ ಮದುವೆ ಮನೆಗೆ ಜುಮುಕಿ ಹಾಕಿಕೊಂಡು ಹೋದರೆ ಮಾರನೇ ದಿನ ಊದಿಕೊಳ್ಳುತ್ತದೆ.

ಎಷ್ಟು ದಿನ ಬೇಕು? ಕಿವಿಯ ಹಾಲೆಗೆ 6ರಿಂದ 8 ವಾರ. ಮೂಗಿಗೆ 4ರಿಂದ 6 ತಿಂಗಳು. ಮೇಲ್ಗಿವಿಗೆ ಮತ್ತು ಹೊಕ್ಕುಳಿಗೆ 6 ತಿಂಗಳಿಂದ ಒಂದು ವರ್ಷ. ನಾಲಿಗೆ ಬೇಗ, 4ರಿಂದ 6 ವಾರ. ಕೆಲವರಿಗೆ ಇದಕ್ಕಿಂತ ಜಾಸ್ತಿಯೂ ಬೇಕಾಗುತ್ತದೆ.

ಮೊದಲ ಕೆಲವು ವಾರ ಓಲೆಯ ಬುಡದಲ್ಲಿ ತೆಳುವಾದ, ಬಿಳಿಯೋ ನಸು ಹಳದಿಯೋ ಆದ ನೀರು ಬರುತ್ತದೆ. ರಾತ್ರಿ ಬರುತ್ತದೆ, ಬೆಳಿಗ್ಗೆ ಒಣಗಿ ಹಕ್ಕಳೆ ಆಗಿರುತ್ತದೆ. ಕನ್ನಡಿ ಹತ್ತಿರ ಹಿಡಿದು ನೋಡಿ. ಓಲೆಯ ಕಡ್ಡಿಯ ಸುತ್ತ ಸಕ್ಕರೆ ಪಾಕ ಆರಿದ ಬಣ್ಣದ ಸಣ್ಣ ಸಣ್ಣ ಹರಳು ಕಾಣುತ್ತವೆ. ಇದನ್ನೇ ಕೀವು ಅಂದುಕೊಂಡು ಹೆದರುವವರು ತುಂಬ ಮಂದಿ. ಇದು ಕೀವಲ್ಲ, ಗಾಯ ಮಾಯುವಾಗ ಬರುವ ನೀರು. ಈ ಹಕ್ಕಳೆ ಅಂಟಿರುವಾಗಲೇ ಓಲೆ ತಿರುಗಿಸಿದರೆ ಆ ಗಟ್ಟಿ ಹರಳುಗಳು ಒಳಗಿನ ಹಸಿ ಚರ್ಮವನ್ನು ಗೀರುತ್ತಾ ಹೋಗುತ್ತವೆ. ಹೊರಗಿನ ಕೊಳೆಯೂ ಜೊತೆಗೆ ಒಳಗೆ ಸೇರುತ್ತದೆ. ಆದ್ದರಿಂದ ಚಿಕ್ಕಮ್ಮನವರ ಕ್ಷಮೆ ಕೇಳಿ ಹೇಳುತ್ತೇನೆ, ತಿರುಗಿಸಬೇಡಿ. ಅಂಟಿಕೊಳ್ಳುವುದಿಲ್ಲ.

ಈಗ ತೊಳೆಯುವ ಕ್ರಮ. ಮೊದಲು ಕೈ. ಸೋಪು ಹಾಕಿ, ಉಗುರಿನ ಸಂದಿಯೂ ಸೇರಿ, 20 ಸೆಕೆಂಡಾದರೂ ತೊಳೆಯಿರಿ. ಕೈ ತೊಳೆಯದೆ ಓಲೆ ಮುಟ್ಟುವುದೇ ಬೇಡ. ಆಮೇಲೆ ಸಲೈನ್. ಮೆಡಿಕಲ್ ಶಾಪಿನಲ್ಲಿ ನಾರ್ಮಲ್ ಸಲೈನ್ ಅಂತ ಕೇಳಿ, ಎನ್‌ಎಸ್ ಅಂದರೂ ಕೊಡುತ್ತಾರೆ. ಅದರಲ್ಲಿ ಇರುವುದು ನೀರು ಮತ್ತು 0.9 ಶೇಕಡ ಉಪ್ಪು, ಮತ್ತೇನೂ ಇಲ್ಲ. ಸಣ್ಣ ಬಾಟಲಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಕೆಡದಂತೆ ಇಡುವ ಮದ್ದು ಏನೂ ಇರುವುದಿಲ್ಲ. ತೆರೆದ ಬಾಟಲಿಯನ್ನು ವಾರಗಟ್ಟಲೆ ಇಟ್ಟುಕೊಂಡು ಬಳಸಿದರೆ ಅದರಲ್ಲೇ ರೋಗಾಣು ಬೆಳೆಯುತ್ತದೆ. ಗಾಯಕ್ಕೆಂದೇ ಮಾಡಿದ ಸಲೈನ್ ಸ್ಪ್ರೇ ಸಿಕ್ಕಿದರೆ ಇನ್ನೂ ಸುಲಭ. ಮೂಗಿಗೆ ಹಾಕುವ ಸ್ಪ್ರೇ, ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ನೀರು ಇದಕ್ಕೆ ಆಗುವುದಿಲ್ಲ.

ಶುದ್ಧವಾದ ಗಾಜ್ ಬಟ್ಟೆಯನ್ನು ಸಲೈನಿನಲ್ಲಿ ಚೆನ್ನಾಗಿ ನೆನೆಸಿ ಓಲೆಯ ಮೇಲೆ ಒಂದೆರಡು ನಿಮಿಷ ಸುಮ್ನೆ ಇಟ್ಟುಕೊಳ್ಳಿ. ಹಕ್ಕಳೆ ತಾನಾಗಿ ಮೆತ್ತಗಾಗುತ್ತದೆ. ಬಂದಷ್ಟನ್ನು ಒರೆಸಿ ತೆಗೆಯಿರಿ. ಬಾರದ್ದನ್ನು ಬಿಡಿ, ನಾಳೆ ಬರುತ್ತದೆ. ಉಗುರಿನಲ್ಲಿ ಕೆರೆದು ತೆಗೆಯಬೇಡಿ. ಹತ್ತಿ ಬೇಡ, ಅದರ ಎಳೆ ಓಲೆಗೆ ಸುತ್ತಿಕೊಳ್ಳುತ್ತದೆ. ಕಿವಿಯ ಹಿಂಬದಿ ಮರೆಯಬೇಡಿ, ಕೊಳೆ ಕೂರುವುದು ಅಲ್ಲೇ, ತಿರುಪಿನ ಸಂದಿಯಲ್ಲಿ. ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಇಷ್ಟೇ ಆರೈಕೆ. ಇದಕ್ಕಿಂತ ದೊಡ್ಡ ಗುಟ್ಟು ಏನೂ ಇಲ್ಲ ಮಾರಾಯ್ರೇ.

ಆಮೇಲೆ ಒಣಗಿಸುವುದು. ನಮ್ಮ ಊರಿನಲ್ಲಿ ಇದಕ್ಕೆ ತೊಳೆಯುವುದಕ್ಕಿಂತ ಜಾಸ್ತಿ ಗಮನ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರ ಮನೆಯಲ್ಲಿ ಬೈರಾಸು, ಅಂದರೆ ಟವೆಲು, ಪೂರ್ತಿ ಒಣಗಿದೆ ಹೇಳಿ? ಒಳಗೆ ಹಗ್ಗ ಕಟ್ಟಿ, ಫ್ಯಾನ್ ಹಾಕಿ, ಆದರೂ ಮುಗ್ಗಲು ವಾಸನೆ. ಆ ಬೈರಾಸಿನಲ್ಲಿ ಕಿವಿ ಒರೆಸಿದರೆ ತೊಳೆದದ್ದೆಲ್ಲ ವ್ಯರ್ಥ. ಅದರ ದಾರ ಓಲೆಗೆ ಸಿಕ್ಕಿಹಾಕಿಕೊಳ್ಳುವುದು ಬೇರೆ. ಬಿಸಾಡುವ ಟಿಶ್ಯೂ ಪೇಪರಿನಲ್ಲಿ ಒತ್ತಿ ನೀರು ತೆಗೆಯಿರಿ. ಹೆಲ್ಮೆಟ್ಟಿನ ಒಳಗಿನ ಸ್ಪಂಜನ್ನೂ ನೋಡಿಕೊಳ್ಳಿ. ಮಳೆಯಲ್ಲಿ ನೆನೆದು, ಬೆವರು ಕುಡಿದು, ಹಾಗೇ ಇರುತ್ತದೆ. ಮೇಲ್ಗಿವಿ ಚುಚ್ಚಿಸಿದವರು ಹೆಲ್ಮೆಟ್ ಬಿಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಸ್ಕೂಟರ್ ಬಿಡಿ, ಒಂದೆರಡು ತಿಂಗಳು ಬಸ್ಸಿನಲ್ಲಿ ಹೋಗಿ ಅಂತ ಹೇಳುತ್ತೇನೆ. ಯಾರೂ ಕೇಳುವುದಿಲ್ಲ.

ಒಬ್ಬ ಅಮ್ಮ ಇಲ್ಲೇ ಎದ್ದು ಕೇಳಿದರು, "ಸಲೈನ್ ಯಾಕೆ ಡಾಕ್ಟ್ರೇ, ಮನೆಯಲ್ಲಿ ಉಪ್ಪು ಇಲ್ವಾ?" ಇದೆ. ನೀರು ಚೆನ್ನಾಗಿ ಕುದಿಸಿ ಆರಿಸಿ, 250 ಮಿಲಿಲೀಟರಿಗೆ ಕಾಲು ಟೀ ಚಮಚ ಉಪ್ಪು ಹಾಕಬಹುದು. ಬಾವಿ ನೀರಾದರೆ, ಅದರಲ್ಲೂ ಮಳೆಗಾಲದ ಕೆಂಪು ನೀರಾದರೆ, ಸೋಸಿ ಕುದಿಸದೆ ಬಳಸಲೇಬೇಡಿ. ಪ್ರತಿ ಸಲ ಹೊಸದಾಗಿ ಮಾಡಿ. ತೊಂದರೆ ಏನೆಂದರೆ, ನಮ್ಮ ಕೈ ಗಂಜಿಗೆ ಉಪ್ಪು ಹಾಕಿ ಅಭ್ಯಾಸ ಆದದ್ದು. ಜಾಸ್ತಿ ಬೀಳುತ್ತದೆ. ಉಪ್ಪು ಜಾಸ್ತಿಯಾದರೆ ಚರ್ಮ ಒಣಗಿ ಬಿರಿಯುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಅದಕ್ಕೇ ಅಂಗಡಿಯ ಸಲೈನ್ ಒಳ್ಳೆಯದು ಅನ್ನುವುದು.

ಅದನ್ನು ಕೇಳಿ ಹಿಂದಿನಿಂದ ಒಬ್ಬ ಹುಡುಗ, "ಹಾಗಾದ್ರೆ ಪಣಂಬೂರು ಬೀಚಿಗೆ ಹೋಗಿ ಒಂದು ಮುಳುಗು ಹಾಕಿದ್ರೆ ಆಯ್ತಲ್ಲ, ಅದೂ ಉಪ್ಪುನೀರೇ" ಅಂದ. ಎಲ್ಲರೂ ನಕ್ಕರು. ಆದರೆ ಪ್ರಶ್ನೆ ಒಳ್ಳೆಯದೇ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಸಲೈನಿನಲ್ಲಿ 9 ಗ್ರಾಂ. ಅದು ಹೋಗಲಿ ಅಂದರೂ, ಬೆಚ್ಚಗಿನ ಸಮುದ್ರದ ನೀರಿನಲ್ಲಿ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾ ಇರುತ್ತವೆ. ಹಸಿ ಗಾಯದಿಂದ ಅವು ಒಳಗೆ ಹೋಗಬಹುದು. ಸಕ್ಕರೆ ಕಾಯಿಲೆ, ಲಿವರ್ ಕಾಯಿಲೆ ಇರುವವರಿಗೆ ಅದು ಪ್ರಾಣಕ್ಕೇ ಬರಬಹುದು. ಜೊತೆಗೆ ಹೊಳೆ ಸೇರುವ ಕಡೆ ಊರಿನ ಕೊಳಚೆಯೂ ಬಂದು ಸೇರುತ್ತದೆ. ಮಲ್ಪೆ ಇರಲಿ, ಪಣಂಬೂರು ಇರಲಿ, ದಡದಲ್ಲಿ ಕೂತು ಚುರುಮುರಿ ತಿನ್ನಿ, ಮುಳುಗು ಬೇಡ. ದೇವಸ್ಥಾನದ ಕೆರೆ, ಹೊಳೆ, ಈಜುಕೊಳ, ಇವೂ ಗಾಯ ಮಾಯುವವರೆಗೆ ಬೇಡ.

ಇನ್ನು ಹಚ್ಚಬಾರದ್ದು. ಡೆಟ್ಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ರೋಗಾಣುವಿನ ಜೊತೆ ಹೊಸದಾಗಿ ಬೆಳೆಯುವ ನಿಮ್ಮದೇ ಜೀವಕೋಶಗಳನ್ನೂ ಸುಡುತ್ತವೆ. ಉರಿದರೆ ಕೆಲಸ ಮಾಡುತ್ತಿದೆ ಅಂತ ನಮ್ಮಲ್ಲಿ ಒಂದು ನಂಬಿಕೆ. ಉರಿಯುವುದು ಗಾಯಕ್ಕೆ ಪೆಟ್ಟಾಗುತ್ತಿದೆ ಅಂತ. ಬೆಟಾಡಿನ್ ಕೂಡ ಚುಚ್ಚುವ ಮೊದಲು ಚರ್ಮ ಒರೆಸುವುದಕ್ಕೆ ಒಳ್ಳೆಯದು, ದಿನಾ ಹಚ್ಚುವುದಕ್ಕಲ್ಲ. ಟ್ಯೂಬಿನ ಮುಲಾಮು ಜಿಡ್ಡಾಗಿ ಗಾಯದ ಬಾಯಿ ಮುಚ್ಚುತ್ತದೆ, ನೀರು ಹೊರಗೆ ಬರಲಿಕ್ಕೆ ದಾರಿ ಇರುವುದಿಲ್ಲ. ಡಾಕ್ಟರು ಬರೆದುಕೊಟ್ಟರೆ ಮಾತ್ರ ಹಚ್ಚಿ. ಅರಿಶಿನ, ತೆಂಗಿನೆಣ್ಣೆಯ ವಿಷಯಕ್ಕೆ ಅಜ್ಜಿಯಂದಿರು ಜಗಳಕ್ಕೆ ಬರುತ್ತಾರೆ. ಅರಿಶಿನಕ್ಕೆ ಗುಣ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅಡುಗೆಮನೆಯ ಡಬ್ಬಿಯಲ್ಲಿರುವುದು ಶುದ್ಧೀಕರಿಸಿದ ಔಷಧಿ ಅಲ್ಲ. ಅದರ ಪುಡಿ ತೂತಿನ ಒಳಗೆ ಕೂತರೆ ಹೊರಗೆ ತೆಗೆಯಲಿಕ್ಕೆ ಆಗುವುದಿಲ್ಲ. ಬೇವಿನ ಕಡ್ಡಿ ಇಡುತ್ತಿದ್ದ ಕಾಲದಲ್ಲಿ ಅದಕ್ಕೊಂದು ಕೆಲಸ ಇತ್ತು, ತೂತು ಮುಚ್ಚದಂತೆ ನೋಡುವುದು. ಈಗ ಆ ಕೆಲಸ ಓಲೆಯೇ ಮಾಡುತ್ತದೆ.

ತಲೆಗೆ ಎಣ್ಣೆ ಹಚ್ಚುವಾಗ, ಹೇರ್ ಡೈ ಹಾಕುವಾಗ ಕಿವಿಗೆ ತಾಗದ ಹಾಗೆ ನೋಡಿಕೊಳ್ಳಿ. ಶಂಕರಪುರ ಮಲ್ಲಿಗೆ ಮುಡಿಯುವವರು ಹೂವಿನ ಚೆಂಡನ್ನು ಕಿವಿಯ ಮೇಲೆ ಇಳಿಬಿಡಬೇಡಿ. ಬಾಳೆನಾರು ಓಲೆಗೆ ಸಿಕ್ಕಿ ಎಳೆದರೆ ಕಣ್ಣಲ್ಲಿ ನೀರು ಬರುತ್ತದೆ. ಭರತನಾಟ್ಯ, ಯಕ್ಷಗಾನ ಮಾಡುವ ಮಕ್ಕಳು ಇಲ್ಲಿ ತುಂಬ ಇದ್ದೀರಿ. ಬಣ್ಣ, ಪ್ಯಾನ್‌ಕೇಕ್ ಮೇಕಪ್ ಹೊಸ ಗಾಯದೊಳಗೆ ಹೋದರೆ ಕೆರಳುತ್ತದೆ. ಒಬ್ಬರ ಮುಖಕ್ಕೆ ಹಚ್ಚಿದ ಸ್ಪಂಜು ಇನ್ನೊಬ್ಬರಿಗೂ ಬರುತ್ತದೆ, ಗೊತ್ತಲ್ಲ. ಕಾರ್ಯಕ್ರಮದ ಸೀಸನ್ ಮುಗಿದ ಮೇಲೆ ಮೂಗು ಚುಚ್ಚಿಸಿ. ಹೊಕ್ಕುಳು ಚುಚ್ಚಿಸಿದವರಿಗೆ ಸೀರೆಯ ನೆರಿಗೆ, ಚೂಡಿದಾರದ ಲಾಡಿ ಸರಿಯಾಗಿ ಅಲ್ಲೇ ಉಜ್ಜುತ್ತದೆ. ವರ್ಷ ಹಿಡಿಯುವುದು ಸುಮ್ನೆ ಅಲ್ಲ.

ಪಿಯುಸಿ ಮಕ್ಕಳಿಗೆ ಒಂದು ಮಾತು. ನೀಟ್ ಪರೀಕ್ಷೆಗೆ ಹೋಗುವಾಗ ಓಲೆ, ಮೂಗುತಿ ಯಾವುದೂ ಬಿಡುವುದಿಲ್ಲ. ಗೇಟಿನ ಹತ್ತಿರ ನಿಂತು ಅಳುತ್ತಾ ಹೊಸ ಮೂಗುತಿ ತೆಗೆಯುವ ಪರಿಸ್ಥಿತಿ ಬೇಡ. ಹೊಸ ತೂತು ಕೆಲವೇ ಗಂಟೆಯಲ್ಲಿ ಬಿಗಿಯಾಗಿಬಿಡಬಹುದು. ಪರೀಕ್ಷೆ ಮುಗಿದ ಮೇಲೆ ಚುಚ್ಚಿಸಿ.

ಲೋಹದ ವಿಷಯ. ಗಾಯ ವಾಸಿಯಾಗದೆ ತುರಿಸುತ್ತಾ, ಒಸರುತ್ತಾ ಇದ್ದರೆ ನಾನು ಮೊದಲು ಕೇಳುವುದು "ಓಲೆ ಯಾವುದು?" ಅಂತ. ಒನ್ ಗ್ರಾಂ ಗೋಲ್ಡ್ ಅಂತ ಸಿಗುವುದರಲ್ಲಿ ಮೇಲೆ ಚಿನ್ನದ ತೆಳು ಲೇಪ, ಒಳಗೆ ಬೇರೆ ಲೋಹ. ಅದರಲ್ಲಿ ನಿಕ್ಕಲ್ ಇದ್ದರೆ ಅಲರ್ಜಿ ಆಗಬಹುದು. ಒಮ್ಮೆ ನಿಕ್ಕಲ್ ಅಲರ್ಜಿ ಹತ್ತಿಕೊಂಡರೆ ಜೀವಮಾನ ಇರುತ್ತದೆ, ಆಮೇಲೆ ವಾಚಿನ ಬೆಲ್ಟು, ಪ್ಯಾಂಟಿನ ಗುಂಡಿ ಕೂಡ ತುರಿಸುತ್ತದೆ. ಯುರೋಪಿನಲ್ಲಿ ಚುಚ್ಚಿದ ಜಾಗಕ್ಕೆ ಹಾಕುವ ಆಭರಣದಿಂದ ವಾರಕ್ಕೆ, ಒಂದು ಚದರ ಸೆಂಟಿಮೀಟರಿಗೆ, 0.2 ಮೈಕ್ರೋಗ್ರಾಂಗಿಂತ ಜಾಸ್ತಿ ನಿಕ್ಕಲ್ ಹೊರಬರಬಾರದು ಅಂತ ಕಾನೂನೇ ಇದೆ. ಒಳ್ಳೆಯದು ಇಂಪ್ಲಾಂಟ್ ದರ್ಜೆಯ, ಅಂದರೆ ಆಪರೇಷನ್ನಿನಲ್ಲಿ ದೇಹದೊಳಗೆ ಕೂರಿಸುವಂಥ ಟೈಟಾನಿಯಂ, ಎಎಸ್‌ಟಿಎಂ ಎಫ್136 ಅನ್ನುವ ಗುರುತಿನದ್ದು. ನಮ್ಮ 916 ಚಿನ್ನ, ಅಂದರೆ 22 ಕ್ಯಾರೆಟ್, ಅಲರ್ಜಿ ಮಾಡುವುದು ಕಡಿಮೆ. ಆದರೆ ಮೆತ್ತಗೆ, ಬೇಗ ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಹಾಲೆಗೆ ನಡೆಯುತ್ತದೆ ಅಂತ ನನ್ನ ಅಭಿಪ್ರಾಯ. ಮೇಲ್ಗಿವಿಗೆ ಟೈಟಾನಿಯಂ ಹಾಕಿ. ಮೊದಲ ಓಲೆಯ ಕಡ್ಡಿ ಸ್ವಲ್ಪ ಉದ್ದವೇ ಇರಬೇಕು, ಊತಕ್ಕೆ ಜಾಗ ಬೇಕಲ್ಲ. ತಿರುಪನ್ನು ಬಿಗಿಯಾಗಿ ಕೂರಿಸಿ ಅದು ಮಾಂಸದೊಳಗೇ ಹೂತುಹೋದ ಕಿವಿಗಳನ್ನು ಕೊಯ್ದು ಬಿಡಿಸಬೇಕಾಗುತ್ತದೆ.

ಎಲ್ಲಿ ಚುಚ್ಚಿಸುವುದು? ಜಾತ್ರೆಯ ಸಂತೆಯಲ್ಲಂತೂ ಬೇಡ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ 7 ದಿನವಾದರೂ ಬದುಕಿರುತ್ತದೆ. ಸೂಜಿ ಪ್ರತಿಯೊಬ್ಬರಿಗೂ ಹೊಸತು, ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಟೆಟಾನಸ್ ಚುಚ್ಚುಮದ್ದು, ಈಗ ಟಿಡಿ ಅಂತಾರೆ, ಸರ್ಕಾರಿ ಪಟ್ಟಿಯಂತೆ 10 ಮತ್ತು 16ನೇ ವಯಸ್ಸಿಗೆ ಕೊಡುತ್ತಾರೆ. ಆಗಿದೆಯಾ ನೋಡಿಕೊಳ್ಳಿ. ಎಳೆಮಗುವಿಗಾದರೆ 6, 10, 14ನೇ ವಾರದ ಲಸಿಕೆಗಳು ಮುಗಿಯಲಿ, ಅವಸರ ಏನು?

ಪಿಯರ್ಸಿಂಗ್ ಗನ್ ಬಗ್ಗೆ ಬಿಡಿಸಿ ಹೇಳಬೇಕು. ಅವುಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್, ಹಬೆಯ ಬಿಸಿಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್ ಯಂತ್ರದ 121 ಡಿಗ್ರಿ ಬಿಸಿಗೆ ಇಡಲಿಕ್ಕೆ ಆಗುವುದಿಲ್ಲ. ಮೊಂಡು ಓಲೆಯನ್ನೇ ಬಲವಂತವಾಗಿ ನುಗ್ಗಿಸುತ್ತದೆ. ಹಾಲೆ ಮೆತ್ತಗಿದೆ, ಹೇಗೋ ತಡೆದುಕೊಳ್ಳುತ್ತದೆ. ಮೇಲ್ಗಿವಿಯಲ್ಲಿರುವುದು ಮೃದ್ವಸ್ಥಿ, ಕಾರ್ಟಿಲೇಜ್. ಅದಕ್ಕೆ ತನ್ನದೇ ರಕ್ತನಾಳ ಇಲ್ಲ. ಮೇಲೆ ಹೊದ್ದಿರುವ ತೆಳು ಪೊರೆಯಿಂದಲೇ ಅದಕ್ಕೆ ಅನ್ನ ನೀರು. ಗನ್ನಿನ ಪೆಟ್ಟಿಗೆ ಅದು ಜಜ್ಜಿ, ಪೊರೆ ಬಿಟ್ಟುಕೊಂಡು, ನಡುವೆ ಕೀವು ತುಂಬಿದರೆ ಮೃದ್ವಸ್ಥಿ ಕೆಲವೇ ದಿನದಲ್ಲಿ ಸಾಯುತ್ತದೆ. ಆಮೇಲೆ ಕಿವಿ ಸುರುಟಿಕೊಳ್ಳುತ್ತದೆ. ಹಳೆಯ ಆಕಾರ ತರುವುದು ಬಹಳ ಕಷ್ಟ.

ಇದನ್ನು ಮಾಡುವ ಮುಖ್ಯ ರೋಗಾಣು ಸ್ಯೂಡೋಮೊನಾಸ್. ಅದಕ್ಕೆ ಒದ್ದೆ ಜಾಗ ಇಷ್ಟ. 2000ದಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಒಂದೇ ಅಂಗಡಿಯಲ್ಲಿ ಮೇಲ್ಗಿವಿ ಚುಚ್ಚಿಸಿಕೊಂಡ ಹಲವರಿಗೆ ಹೀಗಾಯಿತು. ಹುಡುಕಿದಾಗ ರೋಗಾಣು ಸಿಕ್ಕಿದ್ದು ಎಲ್ಲಿ ಗೊತ್ತಾ? ಕ್ರಿಮಿನಾಶಕದ ಸ್ಪ್ರೇ ಬಾಟಲಿಯಲ್ಲೇ. ಯಾವುದರಿಂದ ಒರೆಸಿ ಶುದ್ಧ ಮಾಡುತ್ತೇವೆ ಅಂದುಕೊಂಡಿದ್ದರೋ ಅದರಲ್ಲೇ ಬೆಳೆದುಕೊಂಡು ಕೂತಿತ್ತು. ಹಳೆಯ ಬಾಟಲಿಗೇ ಮತ್ತೆ ಮತ್ತೆ ತುಂಬಿಸುವ ಅಂಗಡಿ ಕಂಡರೆ ಎದ್ದು ಬನ್ನಿ.

ಯಾವಾಗ ಡಾಕ್ಟರ ಹತ್ತಿರ ಓಡಬೇಕು? ಮೊದಲ ಕೆಲವು ದಿನ ಸ್ವಲ್ಪ ಊತ, ಕೆಂಪು, ನೋವು ಇದ್ದದ್ದೇ. ಅದು ದಿನೇ ದಿನೇ ಕಡಿಮೆಯಾಗಬೇಕು. ಕೆಂಪು ಹರಡುತ್ತಾ ಹೋದರೆ, ಮುಟ್ಟಿದರೆ ಬಿಸಿಯಾಗಿದ್ದರೆ, ನಾಡಿಯ ಹಾಗೆ ಮಿಡಿಯುವ ನೋವು, ದಪ್ಪ ಹಸಿರು ಹಳದಿ ಕೀವು, ವಾಸನೆ, ಜ್ವರ, ಇದ್ಯಾವುದು ಕಂಡರೂ ತಡ ಮಾಡಬೇಡಿ. ಮೇಲ್ಗಿವಿ ಪೂರ್ತಿ ಕೆಂಪಾಗಿ ಉಬ್ಬಿ, ಕೆಳಗಿನ ಹಾಲೆ ಮಾತ್ರ ಏನೂ ಆಗದ ಹಾಗೆ ಇದ್ದರೆ ಅದು ಮೃದ್ವಸ್ಥಿಯ ಪೊರೆಗೆ ಹತ್ತಿದೆ ಅಂತಲೇ ಲೆಕ್ಕ. ಅವತ್ತೇ ಹೋಗಿ. ಅಜ್ಜಿ ತುಳುವಿನಲ್ಲಿ "ದಾಲ ಆಪುಜಿ ಮಗಾ", ಏನೂ ಆಗುವುದಿಲ್ಲ ಮಗಾ, ಅಂದರೂ ಹೋಗಿ. ಓಲೆಯನ್ನು ನೀವೇ ಕಿತ್ತು ಹಾಕಬೇಡಿ. ತೂತಿನ ಬಾಯಿ ಮುಚ್ಚಿ ಕೀವು ಒಳಗೇ ಉಳಿದರೆ ಕುರು ಕಟ್ಟುತ್ತದೆ. ತೆಗೆಯಬೇಕಾ ಬೇಡ್ವಾ ಡಾಕ್ಟರು ನೋಡಿ ಹೇಳುತ್ತಾರೆ.

ಹೃದಯದ ಕವಾಟದ ತೊಂದರೆ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಇವು ಇರುವವರು ಚುಚ್ಚಿಸುವ ಮೊದಲೇ ಕೇಳಿ. ರಕ್ತದಾನಕ್ಕೆ ಹೋದಾಗಲೂ ಹೊಸದಾಗಿ ಚುಚ್ಚಿಸಿದ್ದನ್ನು ಮುಚ್ಚಿಡಬೇಡಿ, ಸ್ವಲ್ಪ ಕಾಲ ಬಿಟ್ಟು ಬನ್ನಿ ಅಂತಾರೆ ಅಷ್ಟೆ.

ಕೊನೆಗೆ ಇಬ್ಬರು ಹುಡುಗಿಯರು ಒಟ್ಟಿಗೆ ಬಂದರು. ಒಬ್ಬಳ ಮೂಗಿನ ಬುಡದಲ್ಲಿ ಸಣ್ಣ ಕೆಂಪು ಗುಳ್ಳೆ. "ಇದು ಕೆಲಾಯ್ಡಾ?" ಅಂತ ಅವಳ ಹೆದರಿಕೆ, ಅಂದರೆ ಮಿತಿಮೀರಿ ಬೆಳೆಯುವ ಕಲೆಯ ಗಂಟಾ ಅಂತ. ಅಲ್ಲ. ಓಲೆ ಅಲುಗಾಡಿ ಕೆರಳಿದ ಗಂಟು ತೂತಿನ ಸುತ್ತಲೇ ಇರುತ್ತದೆ. ತಟ್ಟುವುದು, ತಿರುಗಿಸುವುದು ನಿಂತರೆ ನಿಧಾನಕ್ಕೆ ಇಳಿಯುತ್ತದೆ. ಕೆಲಾಯ್ಡ್ ಗಾಯದ ಗಡಿ ದಾಟಿ ಬೆಳೆಯುತ್ತಾ ಹೋಗುತ್ತದೆ, ತಾನಾಗಿ ಕರಗುವುದಿಲ್ಲ. ನಮ್ಮಂಥ ಕಂದು ಚರ್ಮದವರಲ್ಲಿ ಜಾಸ್ತಿ, ಮನೆತನದಲ್ಲಿ ಬರುವುದೂ ಇದೆ. ಇನ್ನೊಬ್ಬಳದು ಬೇರೆ ಪ್ರಶ್ನೆ, ಮುಚ್ಚಿಹೋದ ತೂತಿನಲ್ಲೇ ಮತ್ತೆ ಚುಚ್ಚಿಸಬಹುದಾ ಅಂತ. ಮೂರು ತಿಂಗಳಾದರೂ ಬಿಟ್ಟು, ಹಳೆಯ ಕಲೆಯ ಮೇಲೆ ಬೇಡ, ಸ್ವಲ್ಪ ಪಕ್ಕದಲ್ಲಿ ಚುಚ್ಚಿಸು ಅಂದೆ. ಕಲೆಯಾದ ಚರ್ಮ ಗಟ್ಟಿ ಅನಿಸಿದರೂ ಓಲೆಯ ಭಾರಕ್ಕೆ ಬೇಗ ಹರಿಯುತ್ತದೆ. ಮೊದಲ ಸಲ ಕೆಲಾಯ್ಡ್ ಬಂದಿದ್ದರೆ ಮಾತ್ರ ಮತ್ತೆ ಚುಚ್ಚಿಸುವುದೇ ಬೇಡ. ಕ್ಲಿಪ್ ಓಲೆ ಸಿಗುತ್ತದೆ, ಫ್ಯಾನ್ಸಿ ಅಂಗಡಿಯಲ್ಲಿ ಕೇಳಿ.